ಫ್ರೆಂಚ್ ‘ಸ’ ಕ್ರಿಯಾಪದಗಳ ಕಾರ್ಡ್ ಕಟ್ಟು: ಕೆಲಸ ಎಲ್ಲಿಗೆ ಬಂತು

ಕನ್ನಡದಿಂದ ನೇರವಾಗಿ ಫ್ರೆಂಚ್ ಕಲಿಯುವವರಿಗೆಂದು ಆಂಕಿ ಎಂಬ ಬಾಯಿಪಾಠದ ಕಾರ್ಡುಗಳ ಆ್ಯಪ್‌ನಲ್ಲಿ ತಯಾರಾಗುತ್ತಿರುವ ಈ ಕಟ್ಟಿನಲ್ಲಿ ಸದ್ಯ 40 ಆತ್ಮಾರ್ಥಕ ಕ್ರಿಯಾಪದಗಳಿವೆ, ಅಂದರೆ ನಿಘಂಟಿನಲ್ಲಿ ‘ಸ’ ಎಂಬ ಸರ್ವನಾಮದ ಜೊತೆ ಬರುವಂಥವು. ಒಂದೊಂದಕ್ಕೂ 5 ಕಾರ್ಡ್: ವರ್ತಮಾನ, ನಿಷೇಧ, ‘ಮಾಡಲಿದ್ದೇನೆ’ ಎನ್ನುವ ಹತ್ತಿರದ ಭವಿಷ್ಯ, ಆಜ್ಞೆ, ಭೂತಕಾಲ. ಮೊದಲ ನಾಲ್ಕು ಬಗೆಯ ಕಾರ್ಡುಗಳು ಮುಗಿದಿವೆ. ಭೂತಕಾಲದ ಕಾರ್ಡುಗಳೇ ಹೆಚ್ಚು ತಿದ್ದುಪಡಿ ಬೇಡಿದ್ದು. ಅದರ ಕಾರಣ ಮುಂದೆ ಬರುತ್ತದೆ.

ಕಾರ್ಡಿನ ಮುಂಬದಿಯಲ್ಲಿ ಇಂಗ್ಲಿಷ್ ಇಲ್ಲ, ಕನ್ನಡ ವಾಕ್ಯ ಮಾತ್ರ. ಇದು ಭಾಷಾಭಿಮಾನಕ್ಕಾಗಿ ಮಾಡಿದ್ದಲ್ಲ. ‘ಕೈ ತೊಳ್ಕೊಂಡೆ’ ಎನ್ನುವಾಗ ಯಾರ ಕೈ ಎಂದು ನಾವು ಹೇಳುವುದಿಲ್ಲ, ‘ಕೊಂಡೆ’ಯೇ ಅದನ್ನು ಹೇಳಿಬಿಡುತ್ತದೆ. ಫ್ರೆಂಚಿನಲ್ಲೂ ಹಾಗೆಯೇ: ‘ಜ಼ ಮ ಲಾವ್ ಲೇ ಮ್ಯಾಂ’. ಇಲ್ಲಿ ‘ಮ’ ನಮ್ಮ ‘ಕೊಳ್ಳು’ವಿನ ಕೆಲಸ ಮಾಡುತ್ತದೆ, ‘ಲೇ ಮ್ಯಾಂ’ ಎಂದರೆ ಬರೀ ‘ಕೈಗಳು’. ಇಂಗ್ಲಿಷಿನ ದಾರಿ ಹಿಡಿದು ಬಂದವರು ‘ನನ್ನ’ವನ್ನು ತುರುಕಿ ‘ಜ಼ ಲಾವ್ ಮೇ ಮ್ಯಾಂ’ ಎನ್ನುತ್ತಾರೆ. ಕನ್ನಡದಲ್ಲಿ ಯೋಚಿಸುವವರು ಈ ತಪ್ಪನ್ನು ಮಾಡಬೇಕಾದ್ದೇ ಇಲ್ಲ. ಕೂದಲು ಬಾಚಿಕೊ, ಹಲ್ಲುಜ್ಜಿಕೊ, ಮುಖ ಒರೆಸಿಕೊ, ಎಲ್ಲಕ್ಕೂ ಇದೇ ಅಚ್ಚು.

ಉಚ್ಚಾರಣೆ ಬರೆಯುವಾಗ ಒಂದು ಎಚ್ಚರ. ತೊಳೆದುಕೊಳ್ಳುವುದು ‘ಸ ಲಾವೇ’, ಏಳುವುದು ‘ಸ ಲವೇ’. ಎರಡನ್ನೂ ‘ಲವೇ’ ಎಂದೇ ಬರೆದುಕೊಂಡರೆ ಬೆಳಗಿನ ದಿನಚರಿ ಹೇಳುವಾಗ ಎದ್ದದ್ದೂ ತೊಳೆದದ್ದೂ ಒಂದೇ ಆಗುತ್ತದೆ. ವರ್ತಮಾನಕ್ಕೆ ಬಂದಾಗ ವ್ಯತ್ಯಾಸ ಸ್ಪಷ್ಟ: ‘ಜ಼ ಮ ಲಾವ್’ ತೊಳೆದುಕೊಳ್ಳುತ್ತೇನೆ, ‘ಜ಼ ಮ ಲೆವ್’ ಏಳುತ್ತೇನೆ. ಅದಕ್ಕೇ ಇವೆರಡರ ಕಾರ್ಡುಗಳನ್ನು ಒಂದರ ಹಿಂದೊಂದು ಬರುವಂತೆ ಜೋಡಿಸಿದೆ.

ವರ್ತಮಾನದ ಕಾರ್ಡುಗಳಲ್ಲಿ ಸರ್ವನಾಮವನ್ನು ಮಾತ್ರ ಮರೆಮಾಡಿ ‘ಜ಼ … ಲಾವ್’ ಎಂದು ಕೊಟ್ಟರೆ ಪ್ರಯೋಜನವಿಲ್ಲ. ‘ಜ಼’ ಕಂಡ ಕೂಡಲೇ ಕೈ ತಾನಾಗಿ ‘ಮ’ ತುಂಬುತ್ತದೆ, ವಾಕ್ಯವನ್ನು ಓದುವುದೇ ಇಲ್ಲ. ಹಾಗಾಗಿ ಕರ್ತೃ, ಸರ್ವನಾಮ, ಕ್ರಿಯಾಪದ ಮೂರನ್ನೂ ಮರೆಮಾಡಿ ಕನ್ನಡ ವಾಕ್ಯವೊಂದನ್ನೇ ಬಿಡಬೇಕು. ಜೋಡಿಗಳು ಆರು: ಜ಼ ಮ, ತ್ಯು ತ, ಇಲ್ ಸ, ನೂ ನೂ, ವೂ ವೂ, ಬಹುವಚನದ ಇಲ್ ಸ. ಮಾತಿನಲ್ಲಿ ‘ನಾವು’ ಎನ್ನಲು ಫ್ರೆಂಚರು ಬಹಳ ಸಲ ‘ಓಂ’ ಬಳಸುತ್ತಾರೆ, ಅದರ ಜೊತೆ ಬರುವುದು ‘ಸ’: ‘ಓಂ ಸ ಲೆವ್’. ಸ್ವರದ ಮುಂದೆ ‘ಮ, ತ, ಸ’ ಅಂಟಿಕೊಳ್ಳುತ್ತವೆ: ‘ಜ಼ ಮಪೆಲ್’, ನನ್ನ ಹೆಸರು. ನಿಷೇಧದಲ್ಲಿ ‘ನ’ ಮತ್ತು ‘ಪಾ’ ಸರ್ವನಾಮ, ಕ್ರಿಯಾಪದ ಎರಡನ್ನೂ ತಬ್ಬಿಕೊಳ್ಳುತ್ತವೆ: ‘ಜ಼ ನ ಮ ಲಾವ್ ಪಾ’.

ಹತ್ತಿರದ ಭವಿಷ್ಯದಲ್ಲಿ ಎಲ್ಲರೂ ಎಡವುವ ಜಾಗ ಒಂದೇ: ‘ಜ಼ ವೇ ಸ ಲಾವೇ’. ನಿಘಂಟಿನಲ್ಲಿ ‘ಸ ಲಾವೇ’ ಎಂದಿದೆಯಲ್ಲ, ಹಾಗೇ ಎತ್ತಿಟ್ಟುಬಿಡುತ್ತಾರೆ. ಆದರೆ ಮೂಲ ರೂಪದಲ್ಲೂ ಸರ್ವನಾಮ ಕರ್ತೃವನ್ನು ಅನುಸರಿಸಲೇಬೇಕು: ‘ಜ಼ ವೇ ಮ ಲಾವೇ’, ‘ನೂ ಝಲೋಂ ನೂ ಲಾವೇ’. ಆಜ್ಞೆ ನಮಗೆ ಸುಲಭ. ‘ತೊಳ್ಕೋ’ ಎಂಬಲ್ಲಿ ‘ಕೋ’ ಕೊನೆಗೆ ಬರುವಂತೆ ‘ಲಾವ್-ತ್ವಾ’ ಎಂಬಲ್ಲೂ ಸರ್ವನಾಮ ಹಿಂದೆ ಹೋಗುತ್ತದೆ. ಬೇಡ ಎನ್ನುವಾಗ ಮತ್ತೆ ಮುಂದಕ್ಕೆ: ‘ನ ತ ಲಾವ್ ಪಾ’.

‘ಕೊಳ್ಳು’ ಇದ್ದಲ್ಲೆಲ್ಲ ‘ಸ’ ಹಾಕಬಹುದೆಂದು ನಂಬಿದರೆ ಮಾತ್ರ ಕೆಟ್ಟಿರಿ. ತೆಗೆದುಕೊ, ಕಲಿತುಕೊ, ಇಟ್ಟುಕೊ, ಹಿಡಿದುಕೊ, ಇವು ಫ್ರೆಂಚಿನಲ್ಲಿ ಸಾದಾ ಕ್ರಿಯಾಪದಗಳು: ಪ್ರಾಂದ್ರ್, ಅಪ್ರಾಂದ್ರ್, ಗಾರ್ದೇ, ತ್ನೀರ್. ತಿರುಗಿ ನೋಡಿದರೆ ಏಳು, ಅಡ್ಡಾಡು, ಮದುವೆಯಾಗು ಎಂಬಲ್ಲಿ ನಮಗೆ ‘ಕೊಳ್ಳು’ ಬೇಡ, ಅವರಿಗೆ ‘ಸ’ ಬೇಕು. ಇವುಗಳಿಗೆ ಕಾರ್ಡಿನ ಮೂಲೆಯಲ್ಲಿ ಬಣ್ಣದ ಗುರುತು ಹಾಕಿದೆ. ನಿಯಮ ಹುಡುಕುವ ಬದಲು ಬಾಯಿಪಾಠ ಮಾಡುವುದೇ ಇಲ್ಲಿ ಬೇಗನೆ ಕೈ ಹಿಡಿಯುತ್ತದೆ.

ಇನ್ನೊಂದು ಗುಂಪು ಕನ್ನಡಿಗರಿಗೇ ವಿಶೇಷವಾಗಿ ಕಾಡುವಂಥದ್ದು. ನನಗೆ ನೆನಪಿದೆ, ನನಗೆ ಬೇಜಾರು, ನನಗೆ ಸಿಟ್ಟು ಬಂತು: ಮನಸ್ಸಿನ ಸಂಗತಿಗಳಲ್ಲಿ ನಾವು ‘ನನಗೆ’ಯಿಂದ ಶುರುಮಾಡುತ್ತೇವೆ. ಫ್ರೆಂಚಿನಲ್ಲಿ ‘ನಾನು’ ಎಂದೇ ಹೊರಡಬೇಕು: ‘ಜ಼ ಮ ಸೂವ್ಯಾಂ’, ‘ಜ಼ ಮಾಂನ್ವಿ’, ‘ಜ಼ ಮ ಫಾಶ್’. ಮೊದಲನೆಯದು ಕೆನಡಾದ ಕ್ವೆಬೆಕ್ ಪ್ರಾಂತ್ಯದ ಧ್ಯೇಯವಾಕ್ಯ, 1978ರಿಂದ ಅಲ್ಲಿನ ಗಾಡಿಗಳ ನಂಬರ್ ಪ್ಲೇಟಿನ ಮೇಲಿದೆ. ಆ ಕಡೆ ಹೊರಟಿರುವ ಕನ್ನಡಿಗರು ಈ ಗುಂಪನ್ನು ಅದೊಂದು ವಾಕ್ಯದಿಂದಲೇ ಆರಂಭಿಸಬಹುದು.

ಈಗ ಭೂತಕಾಲ. ಸಹಾಯಕ ಕ್ರಿಯಾಪದ ಯಾವಾಗಲೂ ‘ಎತ್ರ್’ (ಇರು), ಇದಕ್ಕೆ ಅಪವಾದವೇ ಇಲ್ಲ: ‘ಜ಼ ಮ ಸ್ವಿ ಲಾವೇ’, ‘ನೂ ನೂ ಸೋಮ್ ಲಾವೇ’. ನಿಷೇಧದ ‘ಪಾ’ ಸಹಾಯಕದ ಬೆನ್ನಿಗೆ: ‘ಜ಼ ನ ಮ ಸ್ವಿ ಪಾ ಲಾವೇ’. ಕಷ್ಟವಿರುವುದು ಬರವಣಿಗೆಯಲ್ಲಿ, ಕೃದಂತದ (ಸಹಾಯಕದ ಜೊತೆ ಬರುವ ‘ಲಾವೇ’ಯಂಥ ರೂಪದ) ಕೊನೆಗೆ ಸ್ತ್ರೀಲಿಂಗದ ‘ಇ’, ಬಹುವಚನದ ‘ಎಸ್’ ಸೇರಿಸಬೇಕೋ ಬೇಡವೋ ಎಂಬುದರಲ್ಲಿ. ‘ಎಲ್ ಸೆ ಲಾವೇ’, ಅವಳು ಮೈ ತೊಳೆದುಕೊಂಡಳು: ಇಲ್ಲಿ ‘ಇ’ ಸೇರಿಸಬೇಕು. ‘ಎಲ್ ಸೆ ಲಾವೇ ಲೇ ಮ್ಯಾಂ’, ಕೈ ತೊಳೆದುಕೊಂಡಳು: ಇಲ್ಲಿ ಸೇರಿಸಬಾರದು. ಕಿವಿಗೆ ಎರಡೂ ಒಂದೇ.

ಇದಕ್ಕೆ ನಮ್ಮ ವಿಭಕ್ತಿಯೇ ಒಳ್ಳೆಯ ಅಳತೆಗೋಲು. ವಾಕ್ಯದ ‘ಸ’ವನ್ನು ಬಿಡಿಸಿ ನೋಡಿ. ‘ತನ್ನನ್ನು’ ಅಥವಾ ‘ಒಬ್ಬರನ್ನೊಬ್ಬರು’ ಎಂದು ಬಂದರೆ ಅಕ್ಷರ ಸೇರಿಸಿ. ‘ತನಗೆ’, ‘ಒಬ್ಬರಿಗೊಬ್ಬರು’ ಎಂದು ಬಂದರೆ ಸೇರಿಸಬೇಡಿ. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿದರು: ‘ವ್ಯು’ಗೆ ‘ಇ’, ‘ಎಸ್’ ಎರಡೂ ಸೇರುತ್ತವೆ. ಒಬ್ಬರಿಗೊಬ್ಬರು ಕಾಗದ ಬರೆದರು, ಫೋನ್ ಮಾಡಿದರು, ಸುಳ್ಳು ಹೇಳಿದರು: ಏನೂ ಸೇರುವುದಿಲ್ಲ. ಪರಸ್ಪರ ಮಾತಾಡಿಕೊಂಡರು ಎಂಬಲ್ಲೂ ‘ಅನ್ನು’ ಇಲ್ಲ, ಹಾಗಾಗಿ ‘ಪಾರ್ಲೇ’ ಇದ್ದಂತೆಯೇ ಇರುತ್ತದೆ.

ಆದರೆ ಈ ಅಳತೆಗೋಲು ಕೆಲವೆಡೆ ದಾರಿ ತಪ್ಪಿಸುತ್ತದೆ. ಕಟ್ಟಿನ ಭೂತಕಾಲದ ಭಾಗ ಹಲವು ಸಲ ಬದಲಾದದ್ದು ಇದೇ ಕಾರಣಕ್ಕೆ. ಕನ್ನಡದಲ್ಲಿ ಹೊಡೆಯುವುದು ‘ಅವನಿಗೆ’, ಸಹಾಯ ಮಾಡುವುದು ‘ಅವನಿಗೆ’, ಧನ್ಯವಾದ ಹೇಳುವುದೂ ‘ಅವನಿಗೆ’. ಫ್ರೆಂಚಿನ ಫ್ರಾಪೇ, ಏದೇ, ರಮೆರ್ಸಿಯೇ ಮೂರೂ ‘ಅನ್ನು’ ಬೇಡುವಂಥವು. ಹೀಗಾಗಿ ‘ಒಬ್ಬರಿಗೊಬ್ಬರು ಸಹಾಯ ಮಾಡಿಕೊಂಡರು’ ಎಂಬಲ್ಲಿ ಅಕ್ಷರ ಸೇರಲೇಬೇಕು. ‘ಹೋಲು’ ಇದರ ತಿರುವುಮುರುವು. ನಾವು ‘ತಂದೆಯನ್ನು ಹೋಲುತ್ತಾನೆ’ ಎನ್ನುತ್ತೇವೆ, ಅವರ ‘ರಸಾಂಬ್ಲೇ’ಗೆ ‘ಗೆ’ಯ ಅರ್ಥದ ‘ಆ’ ಬೇಕು, ಆದ್ದರಿಂದ ಅಕ್ಷರ ಸೇರುವುದಿಲ್ಲ. ಈ ನಾಲ್ಕಕ್ಕೆ ಮುಂಬದಿಯಲ್ಲೇ ಸಣ್ಣ ಎಚ್ಚರಿಕೆ ಬರೆದಿದೆ. ಹೊಸ ಕ್ರಿಯಾಪದ ಸೇರಿಸುವ ಮುನ್ನ ಫ್ರೆಂಚ್ ನಿಘಂಟು ತೆರೆದು ಅದು ‘ಆ’ ಬೇಡುತ್ತದೆಯೇ ಎಂದು ನೋಡಿಕೊಳ್ಳಬೇಕು, ಕನ್ನಡದ ಕಿವಿಯೊಂದನ್ನೇ ನಂಬಬಾರದು.

‘ಸೇವನ್ವೀರ್’ (ಮೂರ್ಛೆ ಹೋಗು), ‘ಸಾಂಫ್ವೀರ್’ (ಓಡಿಹೋಗು), ‘ಸ ಸೂವ್ನೀರ್’ (ನೆನಪಿರು) ಇಂಥವಕ್ಕೆ ‘ಸ’ ಇಲ್ಲದ ರೂಪವೇ ಇಲ್ಲ. ಇವುಗಳಲ್ಲಿ ಬಿಡಿಸಿ ನೋಡುವ ಗೋಜು ಬೇಡ, ಕೃದಂತ ಕರ್ತೃವಿಗೆ ಹೊಂದುತ್ತದೆ. ‘ಎಲ್ ಸೆ ರಾಂದ್ಯು ಕೋಂತ್’, ಅವಳಿಗೆ ಅರಿವಾಯಿತು, ಎಂಬಲ್ಲಿ ‘ಕೋಂತ್’ ತಾನೇ ಕರ್ಮವಾಗಿರುವುದರಿಂದ ‘ಇ’ ಬಾರದು. ಫ್ರೆಂಚರೂ ಆಗಾಗ ತಪ್ಪಿ ಬರೆಯುವ ಜಾಗವಿದು.

ಕೇಳಿಸದ ಅಕ್ಷರವನ್ನು ಕಲಿಸಲು ಕೇಳಿಸುವ ಕ್ರಿಯಾಪದದಿಂದ ಆರಂಭಿಸುವುದು ಒಳ್ಳೆಯದು. ‘ಇಲ್ ಸೆ ತಸಿ’ ಅವನು ಕೂತುಕೊಂಡ, ‘ಎಲ್ ಸೆ ತಸೀಜ಼್’ ಅವಳು ಕೂತುಕೊಂಡಳು. ಕೊನೆಯ ‘ಜ಼್’ ಕಿವಿಗೆ ಬೀಳುತ್ತದೆ. ಹಾಗೆಯೇ ‘ಮಿ, ಮೀಜ಼್’ (ತೊಡಗು), ‘ಪ್ಲ್ಯಾಂ, ಪ್ಲ್ಯಾಂತ್’ (ದೂರು). ಈ ಮೂರು ಬಾಯಲ್ಲಿ ಕೂತ ಮೇಲೆ ‘ಲಾವೇ’ಯ ಮೂಕ ‘ಇ’ ಬರೆಯುವುದಕ್ಕೆ ಒಂದು ಆಧಾರ ಸಿಗುತ್ತದೆ. ಇನ್ನೊಬ್ಬರಿಂದ ಕೂದಲು ಕತ್ತರಿಸಿಕೊಂಡಳು ಎಂಬಲ್ಲಿ ಮಾತ್ರ ‘ಎಲ್ ಸೆ ಫೆ ಕೂಪೇ ಲೇ ಶವ’, ‘ಫೆತ್’ ಎನ್ನಬಾರದು. ಇನ್ನೊಂದು ಕ್ರಿಯಾಪದದ ಮುಂದಿನ ‘ಫೆ’ ಎಂದೂ ಬದಲಾಗದು.

ಬಾಕಿಯಿರುವುದು ಎರಡು. ‘ಸಾ ಸ ಮಾಂಜ್’, ಇದನ್ನು ತಿನ್ನುತ್ತಾರೆ, ಎಂಬ ಕರ್ಮಣಿ ಬಗೆಗೆ ಉದಾಹರಣೆ ವಾಕ್ಯಗಳನ್ನು ಆರಿಸಬೇಕು. ‘ಸಾಂ ನಲೇ’, ಹೊರಟುಹೋಗು, ಇದರ ಕಾರ್ಡುಗಳು ಅರ್ಧ ಆಗಿವೆ: ‘ಜ಼ ಮಾಂ ವೇ’, ‘ವಾ-ತಾಂ’, ‘ಅಲೇ-ವೂ-ಝಾಂ’, ‘ನ ತಾಂ ವಾ ಪಾ’. ಇದಕ್ಕೆ ಭೂತಕಾಲದ ಕಾರ್ಡು ಸೇರಿಸುತ್ತಿಲ್ಲ. ಆಡುಮಾತಿನಲ್ಲಿ ಹೊರಟುಹೋದೆ ಎನ್ನಲು ‘ಜ಼ ಸ್ವಿ ಪಾರ್ತಿ’ ಎಂದೇ ಸಾಮಾನ್ಯವಾಗಿ ಹೇಳುವುದು, ಆ ವಾಕ್ಯವನ್ನೇ ಅಲ್ಲಿ ಕೊಟ್ಟಿದೆ.