ಹಳೇ ಕಾರಿಗೆ ಹೊಸ ಕಣ್ಣು

ನಮ್ಮ 1981ರ ಮರ್ಸಿಡಿಸ್‌ಗೆ ಇವತ್ತು ಯುರೋಪಿನ ಹೆಡ್‌ಲೈಟ್ ಬಂತು. ಬಳಸಿದ್ದೇ, ಆದರೆ ಗಾಜು ಗಟ್ಟಿ. ಮೂಲೆಯಲ್ಲಿ ವೃತ್ತದೊಳಗೆ ಇ1 ಅಂತ ಅಚ್ಚಿದೆ, ಅಂದರೆ ಜರ್ಮನಿಯ ಒಪ್ಪಿಗೆ. ಇಲ್ಲಿ ಅಮೆರಿಕದಲ್ಲಿ 1983ರವರೆಗೆ ಸೀಲ್ಡ್ ಬೀಮ್, ಅಂದರೆ ಬಲ್ಬು-ಗಾಜು ಎಲ್ಲ ಒಂದೇ ಆಗಿ ಮುಚ್ಚಿದ ದೀಪ, ಕಡ್ಡಾಯವಿತ್ತು. ಹಾಗಾಗಿ ಈ ಕಾರಿಗೆ ದುಂಡು ದೀಪ ಹಾಕಿ ಕಳಿಸಿದ್ದರು.

ಗಾಜು ಬಿಚ್ಚಿ ಸೋಪಿನ ನೀರಲ್ಲಿ ತೊಳೆದೆ. ಒಳಗಿನ ಬೆಳ್ಳಿಬಣ್ಣದ ಲೇಪ ಮುಟ್ಟುವಾಗ ಮಾತ್ರ ಕೈ ನಡುಗಿತು. ಜಾಸ್ತಿ ಉಜ್ಜಿದರೆ ಎದ್ದೇ ಬರುತ್ತದೆ. ಒದ್ದೆ ಹತ್ತಿಯಿಂದ ಮೆಲ್ಲಗೆ ಸವರಿದೆ, ಮಗುವಿನ ಕಣ್ಣು ಒರೆಸಿದ ಹಾಗೆ.

ರಾತ್ರಿ ಗ್ಯಾರೇಜಿನ ಗೋಡೆಗೆ ಬೆಳಕು ಬಿಟ್ಟೆ. ಎಡಕ್ಕೆ ಗೆರೆ ಎಳೆದಂತೆ ಸಮ, ಬಲಕ್ಕೆ ಮೇಲೇರುವ ಅಂಚು. ಎಡಗಡೆ ಎದುರಿನಿಂದ ಬರುವವರ ಕಣ್ಣು ಕುಕ್ಕಬಾರದು, ಬಲಗಡೆ ರಸ್ತೆಯಂಚಿನಲ್ಲಿ ನಡೆಯುವವರು ಕಾಣಬೇಕು. ಯಾರೋ ಎಷ್ಟು ಯೋಚಿಸಿ ಮಾಡಿದ್ದಾರೆ ಅಲ್ವಾ! ಸುಮ್ನೆ ನೋಡುತ್ತಾ ನಿಂತುಬಿಟ್ಟೆ.