ಹಿಸ್ಟೋಪೆಥಾಲಜಿ ಅಂದ ಕೂಡಲೇ ಗಾಬರಿ ಯಾಕೆ?

ಡಾಕ್ಟರು ಚೀಟಿಯಲ್ಲಿ ಹಿಸ್ಟೋಪೆಥಾಲಜಿ ಎಂದು ಬರೆದರೆ ಸಾಕು, ಬಹಳ ಜನ ಅದನ್ನು ಕ್ಯಾನ್ಸರ್ ಎಂದೇ ಓದಿಕೊಳ್ಳುತ್ತಾರೆ. ಹಾಗೇನಿಲ್ಲ. ಆಪರೇಷನ್ ಮಾಡಿ ತೆಗೆದ ಅಪೆಂಡಿಕ್ಸ್ ಕೂಡ ಸಾಮಾನ್ಯವಾಗಿ ಈ ಪರೀಕ್ಷೆಗೇ ಹೋಗುತ್ತದೆ.

ಹಿಸ್ಟಾಲಜಿ ಅಂದರೆ ದೇಹದ ಅಂಗಾಂಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ತಿಳಿಯುವುದು. ರೋಗದಿಂದ ಅವುಗಳಲ್ಲಿ ಏನು ಬದಲಾಗಿದೆ ಎಂದು ನೋಡಿದರೆ ಹಿಸ್ಟೋಪೆಥಾಲಜಿ. ಬಯಾಪ್ಸಿ ಬೇರೆ, ಅದು ಪರೀಕ್ಷೆಗೆ ತುಣುಕು ತೆಗೆಯುವ ಕೆಲಸ. ಮಜಾ ಏನಂದ್ರೆ, 1801ರಲ್ಲಿ ಫ್ರಾನ್ಸಿನ ವೈದ್ಯ ಬಿಷಾ ಮೈಕ್ರೋಸ್ಕೋಪ್ ಇಲ್ಲದೆಯೇ 21 ಬಗೆಯ ಅಂಗಾಂಶಗಳನ್ನು ಪಟ್ಟಿ ಮಾಡಿದ್ದ!

ರಿಪೋರ್ಟ್ ಯಾಕಿಷ್ಟು ತಡ ಅಂತ ಸುಮ್ನೆ ಲ್ಯಾಬಿನವರನ್ನು ಬೈಯುತ್ತೇವೆ, ಅಲ್ವಾ? ಅಲ್ಲಿ ನಡೆಯುವುದನ್ನು ನೋಡಿ. ತುಣುಕು ಕೆಡದಂತೆ ಮೊದಲು ಅದನ್ನು ಫಾರ್ಮಲಿನ್‌ನಲ್ಲಿ ನೆನೆಸಿಡಬೇಕು, ಆಮೇಲೆ ಆಲ್ಕೋಹಾಲ್‌ನಿಂದ ನೀರಿನಂಶ ತೆಗೆದು, ಕರಗಿದ ಪ್ಯಾರಫಿನ್ ಮೇಣ ಒಳಗಿಳಿಯುವಂತೆ ಮಾಡಿ, ಅದು ಗಟ್ಟಿಯಾದ ಮೇಲೆ ಮೈಕ್ರೋಟೋಮ್ ಎಂಬ ಯಂತ್ರದಲ್ಲಿ 3ರಿಂದ 5 ಮೈಕ್ರಾನ್ ದಪ್ಪದ ಪದರಗಳಾಗಿ ಕತ್ತರಿಸುತ್ತಾರೆ. ಕೂದಲೆಳೆಗಿಂತ ಎಷ್ಟೋ ತೆಳು. ಇಷ್ಟಾದರೂ ಬಣ್ಣ ಹಾಕದಿದ್ದರೆ ಏನೂ ಸರಿಯಾಗಿ ಕಾಣುವುದಿಲ್ಲ. ಹಿಮಟಾಕ್ಸಿಲಿನ್ ಜೀವಕೋಶದ ನ್ಯೂಕ್ಲಿಯಸ್ಸಿಗೆ ನೀಲಿ-ನೇರಳೆ ಬಣ್ಣ ಕೊಡುತ್ತದೆ, ಇಯೋಸಿನ್ ಸುತ್ತಲಿನ ಭಾಗಕ್ಕೆ ಗುಲಾಬಿ. ಕೊನೆಗೆ ಪೆಥಾಲಜಿಸ್ಟ್ ಕೂತು ನೋಡಬೇಕು. ನನಗಂತೂ ಈ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಅನಿಸುತ್ತದೆ.

ತುರ್ತಿದ್ದರೆ ಫ್ರೋಜನ್ ಸೆಕ್ಷನ್ ಇದೆ. ಆಪರೇಷನ್ ನಡೆಯುತ್ತಿರುವಾಗಲೇ ತುಣುಕನ್ನು ಹೆಪ್ಪುಗಟ್ಟಿಸಿ, ಕತ್ತರಿಸಿ ನೋಡುತ್ತಾರೆ. ಬೇಗ ಉತ್ತರ ಸಿಗುತ್ತದೆ, ಆದರೆ ಮೇಣದ ವಿಧಾನದಷ್ಟು ಸ್ಪಷ್ಟವಲ್ಲ, ಹಾಗಾಗಿ ಕೊನೆಯ ರಿಪೋರ್ಟಿಗೆ ಕಾಯಲೇಬೇಕು.