ಎರಡು ದಿನಕ್ಕೆ ಸರಿಹೋಗೋ ನೋವು

ಬೆಂಗಳೂರಿಂದ ಮಂಗಳೂರಿಗೆ ನಮ್ಮ ಸೈಕಲ್ ರೈಡ್ ಹತ್ರ ಬಂತು. ಕುಣಿಗಲ್, ಚನ್ನರಾಯಪಟ್ಟಣ ದಾಟಿ ಹಾಸನದಲ್ಲಿ ರಾತ್ರಿ ಉಳ್ಕೊಂಡು, ಮಾರನೇ ದಿನ ಸಕಲೇಶಪುರ, ಶಿರಾಡಿ ಘಾಟಿ ಇಳಿದು ಕಡಲ ಕಡೆಗೆ, ಒಟ್ಟು ಸುಮಾರು 350 ಕಿಲೋಮೀಟರ್. ದುಡ್ಡು ಎತ್ತುತಿರೋದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇರೋ ಹುಡುಗರಿಗೆ, ಎಲ್ಲರೂ ಡಿಎಂಡಿ ಅಂತಾರಲ್ಲ, ಸ್ನಾಯು ಸವೀತಾ ಹೋಗೋ ಹುಟ್ಟಿನಿಂದ ಬರೋ ಕಾಯಿಲೆ, ಅದು. ಈ ವಾರ ಆ ಹುಡುಗರಲ್ಲಿ ಒಬ್ಬನ ಮನೆಗೆ ಹೋಗಿದ್ದೆ, ಪ್ರಾಕ್ಟೀಸ್ ಮುಗಿಸ್ಕೊಂಡು ಹಂಗೇ ಹೋಗಿದ್ರಿಂದ ಸೈಕಲ್ ಕೂಡ ಹಾಲ್ ಒಳಗೇ ತಂದಿಟ್ಟಿದ್ದೆ. ವೀಲ್‌ಚೇರಲ್ಲಿ ಕೂತ್ಕೊಂಡೇ ಅವನು ಪೆಡಲ್ ತಿರುಗಿಸಿದ, ಗೇರ್ ಬದಲಾಗೋ ಸದ್ದು ಕೇಳ್ಬೇಕು ಅಂದ, ಕೇಳಿಸಿದೆ.

ಆಮೇಲೆ ಕೇಳಿದ, "ಅಷ್ಟು ದೂರ ತುಳಿದ್ರೆ ಕಾಲು ನೋಯಲ್ವಾ ಅಂಕಲ್?"

ನೋಯುತ್ತೆ ಪುಟ್ಟ, ತೊಡೆ ನೋಯುತ್ತೆ, ಮೀನಖಂಡ ಹಿಡ್ಕೊಳ್ಳುತ್ತೆ, ಎರಡು ದಿನಕ್ಕೆ ಸರಿಹೋಗುತ್ತೆ ಅಂದೆ.

"ಹೆಂಗೆ ಸರಿಹೋಗುತ್ತೆ?"

ಅಷ್ಟೇ. ಅಳು ಇಲ್ಲ, ಬೇಜಾರಿಲ್ಲ, ವಿಜ್ಞಾನದ ಕ್ಲಾಸಲ್ಲಿ ಕೈಯೆತ್ತಿ ಕೇಳೋ ಥರ ಕೇಳಿದ. ಅವನು ಓದೋದ್ರಲ್ಲಿ ಚುರುಕು ಅಂತ ಅವರಮ್ಮ ಮೊದಲೇ ಹೇಳಿದ್ರು. ನಾನು ಉತ್ತರ ಹೇಳಿದೆ ಕೂಡ, ಗೊತ್ತಿರೋದನ್ನೇ ಹೇಳಿದೆ, ಆದ್ರೆ ಆ ಪ್ರಶ್ನೆ ಮಾತ್ರ ಅವತ್ತಿಂದ ನನ್ನ ಬಿಟ್ಟಿಲ್ಲ, ನಂದಿ ಬೆಟ್ಟ ಹತ್ತುವಾಗ ಉಸಿರು ಸಿಗದೆ ಒದ್ದಾಡ್ತಿದ್ರೂ ಅದೇ ಕೇಳ್ತಿದೆ. ಹೆಂಗೆ ಸರಿಹೋಗುತ್ತೆ.

ಯಾಕಂದ್ರೆ ನಾವು ಟ್ರೈನಿಂಗ್ ಅಂತ ಮಾಡೋದು ಇದನ್ನೇ ನಂಬ್ಕೊಂಡು. ಹೊತ್ತಾರೆ ಕತ್ತಲಲ್ಲಿ ಎದ್ದು ಸ್ನಾಯುಗಳಿಗೆ ಚೂರು ಚೂರು ಪೆಟ್ಟು ಕೊಡ್ತೀವಿ, ಮಲಗ್ತೀವಿ, ಮೊಟ್ಟೆನೋ ಕಾಳೋ ತಿಂತೀವಿ, ದೇಹ ರಿಪೇರಿ ಮಾಡ್ಕೊಂಡು ಮೊದಲಿಗಿಂತ ಗಟ್ಟಿಯಾಗುತ್ತೆ. ರೆಸ್ಟ್ ಡೇ ಯಾಕೆ ಬೇಕು ಅಂತ ನಮ್ಮ ಕೋಚ್ ಬಡ್ಕೊಳ್ಳೋದೂ ಇದಕ್ಕೇ. ಆ ಹುಡುಗನ ದೇಹದಲ್ಲಿ ಡಿಸ್ಟ್ರೋಫಿನ್ ಅನ್ನೋ ಒಂದು ಪ್ರೋಟೀನ್ ತಯಾರಾಗಲ್ಲ, ಸ್ನಾಯುವಿನ ಕೋಶದ ಪೊರೆ ಹರಿಯದ ಹಾಗೆ ಕಾಯೋ ಪ್ರೋಟೀನ್ ಅದು. ಅದಿಲ್ಲ ಅಂದ್ರೆ ಹಳೆ ಬಟ್ಟೆ ಒಗೆದಷ್ಟೂ ಪಿಸಿಯೋ ಹಾಗೆ, ಬಳಸಿದಷ್ಟೂ ಸ್ನಾಯು ಸವೀತಾ ಹೋಗುತ್ತೆ. ದೇಹ ರಿಪೇರಿ ಮಾಡೋಕೆ ನೋಡುತ್ತೆ, ಸೋಲುತ್ತೆ, ಸ್ನಾಯು ಇರಬೇಕಾದ ಜಾಗದಲ್ಲಿ ಕೊಬ್ಬು, ನಾರು ತುಂಬ್ಕೊಳ್ಳುತ್ತೆ. ನನ್ನನ್ನ ಗಟ್ಟಿ ಮಾಡ್ತಿರೋ ಅದೇ ಕೆಲಸ ಅವನನ್ನ ಸವೆಸ್ತಿತ್ತು, ಅದೂ ಬರೀ ಶಾಲೆ ಮೆಟ್ಟಿಲು ಹತ್ತಿ ಇಳಿದಿದ್ದಕ್ಕೆ. ಇಳಿಯೋದು ಇನ್ನೂ ಕೆಟ್ಟದ್ದಂತೆ, ಭಾರ ತಡ್ಕೊಂಡು ಸ್ನಾಯು ಉದ್ದ ಆಗುವಾಗ್ಲೇ ಜಾಸ್ತಿ ಹರಿಯೋದು.

ಅವರಮ್ಮನ ಬಗ್ಗೆ ಹೇಳ್ಲೇಬೇಕು. ಇಷ್ಟು ಗಟ್ಟಿ ಹೆಂಗಸನ್ನ ನಾನು ಇತ್ತೀಚೆಗೆ ನೋಡಿಲ್ಲ. ಚಿಕ್ಕವನಿದ್ದಾಗ ಮಗನ ಮೀನಖಂಡ ದಪ್ಪಗಿತ್ತಂತೆ, ಅಕ್ಕಪಕ್ಕದವರು "ಏನ್ ಕಟ್ಟುಮಸ್ತಾಗಿದಾನೆ ನಿಮ್ಮ ಹುಡುಗ" ಅಂತ ಹೊಗಳಿ ಹೋಗ್ತಿದ್ರಂತೆ, ಅದೂ ಕಾಯಿಲೆದೇ ಲಕ್ಷಣ ಅಂತ ಯಾರಿಗೆ ಗೊತ್ತಿತ್ತು. ನೆಲದಿಂದ ಏಳುವಾಗ ತೊಡೆ ಮೇಲೆ ಕೈಯೂರಿ ಏಳೋನು, ಸೋಮಾರಿ ಅಂತ ಬೈಸ್ಕೊಳ್ಳೋನು. ಕೊನೆಗೆ ರಿಪೋರ್ಟ್ ಬಂದ ದಿನ ಮನೆಯಲ್ಲಿ ಹಿರಿಯರೊಬ್ಬರು ಇವರಿಗೇ ಹೇಳಿದ್ರಂತೆ, ನಿನ್ನ ಕಡೆಯಿಂದ ಬಂದಿದ್ದು ಅಂತ. ಇದು ನನಗೆ ಸಹಿಸೋಕೇ ಆಗ್ಲಿಲ್ಲ. ಡಿಸ್ಟ್ರೋಫಿನ್ ತಯಾರಿಸೋ ಜೀನ್ ಎಕ್ಸ್ ಕ್ರೋಮೋಸೋಮಲ್ಲಿರೋದು ನಿಜ, ತಾಯಿಯಿಂದ ಬರಬಹುದು ನಿಜ, ಆದ್ರೆ ಸುಮಾರು ಮೂರರಲ್ಲಿ ಒಂದು ಕೇಸಲ್ಲಿ ತಾಯಿ ಹತ್ರ ಆ ದೋಷ ಇರೋದೇ ಇಲ್ಲ, ಹೊಸದಾಗಿ ಆಗಿರುತ್ತೆ. ಇದ್ರೂ ಅದೇನು ಅವರು ಬೇಕು ಅಂತ ಕೊಟ್ಟಿದ್ದಾ? ಇಂಥ ಮಾತಾಡೋ ಹಿರಿತನ ಯಾರಿಗೆ ಬೇಕು.

ಇನ್ನೊಬ್ಬರು, ದುಡ್ಡಿರೋರೇ, ನಾನು ಚಂದಾ ಕೇಳೋಕೆ ಹೋದಾಗ "ವಾಸಿನೇ ಆಗದ ಕಾಯಿಲೆಗೆ ಯಾಕ್ರೀ ದುಡ್ಡು, ಕಣ್ಣಿನ ಆಪರೇಷನ್ ಕ್ಯಾಂಪ್ ಮಾಡಿ, ಲೆಕ್ಕ ಸಿಗುತ್ತೆ" ಅಂದ್ರು. ಕಣ್ಣಿನ ಕ್ಯಾಂಪೂ ಬೇಕು ಸ್ವಾಮಿ, ಅದಕ್ಕೂ ತುಳೀತೀನಿ. ಆದ್ರೆ ವಾಸಿಯಾಗಲ್ಲ ಅಂದ್ರೆ ಏನೂ ಮಾಡೋಕಾಗಲ್ಲ ಅಂತ ಅರ್ಥ ಅಲ್ಲ. ಹೊತ್ತಿಗೆ ಸರಿಯಾಗಿ ಸ್ಟೀರಾಯ್ಡ್ ಶುರು ಮಾಡಿದ್ರೆ ನಡೆಯೋ ಕಾಲ ಮುಂದಕ್ಕೆ ಹೋಗುತ್ತೆ. ಫಿಸಿಯೋಥೆರಪಿ, ಹೃದಯದ ಚೆಕಪ್, ರಾತ್ರಿ ಉಸಿರಾಟಕ್ಕೆ ಬೈಪ್ಯಾಪ್ ಮೆಷಿನ್, ಇದೆಲ್ಲ ಸಿಕ್ಕ ಹುಡುಗರು ಹಿಂದಿನವರಿಗಿಂತ ತುಂಬಾ ವರ್ಷ ಜಾಸ್ತಿ ಬದುಕ್ತಿದಾರೆ, ಕಾಲೇಜು ಓದ್ತಾರೆ, ಕೆಲಸಕ್ಕೆ ಸೇರ್ತಾರೆ. ಅಮೆರಿಕದಲ್ಲಿ 2023ರಲ್ಲಿ ಒಂದು ಜೀನ್ ಥೆರಪಿಗೆ ಒಪ್ಪಿಗೆ ಸಿಕ್ತು, ಬೆಲೆ 32 ಲಕ್ಷ ಡಾಲರ್. ನಮ್ಮ ಕೇಂದ್ರ ಸರ್ಕಾರದ ಪಾಲಿಸಿಯಲ್ಲಿ ಅಪರೂಪದ ಕಾಯಿಲೆಯ ಒಬ್ಬ ರೋಗಿಗೆ ಸಿಗೋದು ಹೆಚ್ಚೆಂದ್ರೆ 50 ಲಕ್ಷ ರೂಪಾಯಿ. ಆ ಅಂತರ ನಮ್ಮ ಸೈಕಲ್ ರೈಡಿಂದ ತುಂಬಲ್ಲ, ಅದು ಸರ್ಕಾರ, ಕಂಪನಿ ಕೂತು ಮಾತಾಡ್ಬೇಕಾದ ವಿಷಯ. ಬ್ಯಾಟರಿ ವೀಲ್‌ಚೇರ್ ನಮ್ಮಿಂದ ಆಗುತ್ತೆ, ಶಾಲೆಗೊಂದು ರ‍್ಯಾಂಪ್ ಆಗುತ್ತೆ. ಆ ಹುಡುಗ ತನಗೆ ಬೇಕಾದಾಗ ತಾನೇ ಬಾಲ್ಕನಿಗೆ ಹೋಗಿ ಬರೋದನ್ನ ಯಾವ ಲೆಕ್ಕದಲ್ಲಿ ಬರೀತಾರೋ ನನಗೆ ಗೊತ್ತಿಲ್ಲ, ನನ್ನ ಲೆಕ್ಕದಲ್ಲಿ ಅದು ದೊಡ್ಡದು.

ತಯಾರಿ ಬಹುತೇಕ ಮುಗೀತು. ಪಂಕ್ಚರ್ ಕಿಟ್, ಎಕ್ಸ್‌ಟ್ರಾ ಟ್ಯೂಬು, ಓಆರ್‌ಎಸ್, ಕಡಲೆ ಚಿಕ್ಕಿ ಎಲ್ಲ ಪ್ಯಾಕ್ ಆಗಿದೆ. ಘಾಟಿಯಲ್ಲಿ ಟ್ಯಾಂಕರ್‌ಗಳ ಕಾಟ ಇರೋದ್ರಿಂದ ಬೆಳಕಿದ್ದಾಗಲೇ ಇಳೀಬೇಕು ಅಂತ ತೀರ್ಮಾನ ಆಗಿದೆ. ಉಳಿದಿರೋದು ದಾರಿಯುದ್ದಕ್ಕೂ ಹಂಚೋ ಕರಪತ್ರ, ಅದರ ಮೇಲೇ ಜಗಳ. ಸ್ಪಾನ್ಸರ್ ಕಡೆಯವರಿಗೆ ಮುಖಪುಟದಲ್ಲಿ ಜೆರ್ಸಿ ಹಾಕಿರೋ ನಮ್ಮ ಗ್ರೂಪ್ ಫೋಟೋ ಬೇಕಂತೆ, ಕೆಳಗೆ ಲೋಗೋ. ಒಳ್ಳೆ ಜನಾನೇ ಅವರು, ದುಡ್ಡೂ ಕೊಟ್ಟಿದಾರೆ, ಆದ್ರೆ ಕುಣಿಗಲ್ಲಿನ ಅಂಗನವಾಡಿ ಟೀಚರಿಗೆ ನಮ್ಮ ಮುಖ ತಗೊಂಡು ಏನಾಗ್ಬೇಕು? ಅಲ್ಲಿ ಇರಬೇಕಾದ್ದು ತೊಡೆ ಮೇಲೆ ಕೈಯೂರಿ ಏಳ್ತಿರೋ ಒಬ್ಬ ಪುಟ್ಟ ಹುಡುಗನ ಚಿತ್ರ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ: ನಿಮ್ಮ ಹುಡುಗ ಹೀಗೆ ಏಳ್ತಾನಾ? ಮೆಟ್ಟಿಲು ಹತ್ತೋಕೆ ಕಷ್ಟ ಪಡ್ತಾನಾ, ಪದೇ ಪದೇ ಬೀಳ್ತಾನಾ? ಸೋಮಾರಿ ಅನ್ನಬೇಡಿ, ಡಾಕ್ಟರ್ ಹತ್ರ ಸಿಪಿಕೆ (ಸ್ನಾಯುಗೆ ಪೆಟ್ಟಾಗಿದ್ಯಾ ಅಂತ ತೋರಿಸೋ) ರಕ್ತಪರೀಕ್ಷೆ ಮಾಡಿಸೋಕೆ ಕೇಳಿ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು, ಲೋಗೋ ಎಲ್ಲ ಹಿಂದಿನ ಪುಟಕ್ಕೆ ಹಾಕ್ಕೊಳ್ಳಲಿ, ಮುಂದಿನ ಪುಟ ಮಾತ್ರ ನಾನು ಬಿಟ್ಟುಕೊಡಲ್ಲ.